ಕೈ ನಿಂದು, ಕಾಲು ನಂದು

ತುಮಕೂರಿನ ಆ ಬೀದಿಯಲ್ಲಿ ಬಸವಲಿಂಗಮ್ಮನ ಮನೆ ಎಲ್ಲಿ ಅಂತ ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುವುದಿಲ್ಲ. ‘ಪೆಟ್ಟಿಗೆ ಅಜ್ಜಿ’ ಅಂದರೆ ಮಾತ್ರ ಅಂಗಡಿಯವನು ತೂಕ ಮಾಡುತ್ತಿದ್ದ ಕೈಯಲ್ಲೇ ದಾರಿ ತೋರಿಸುತ್ತಾನೆ. ಪೆಟ್ಟಿಗೆ ಅಂದರೆ ಹಾರ್ಮೋನಿಯಂ. ಅದೂ ಚಾಪೆಯ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುತ್ತಾ ಇನ್ನೊಂದರಲ್ಲಿ ನುಡಿಸುವ ಭಜನೆ ಪೆಟ್ಟಿಗೆಯಲ್ಲ. ನಾಟಕದವರು ಬಳಸುತ್ತಿದ್ದ ಸೊಂಟದೆತ್ತರದ ಲೆಗ್ ಹಾರ್ಮೋನಿಯಂ. ಕುರ್ಚಿಯಲ್ಲಿ ಕೂತು, ಕೆಳಗಿನ ಎರಡು ಹಲಗೆಗಳನ್ನು ಎಡಗಾಲು, ಬಲಗಾಲು, ಎಡಗಾಲು ಅಂತ ತುಳಿಯುತ್ತಲೇ ಇರಬೇಕು. ಆಗ ಎರಡು ಕೈಯೂ ಬಿಡುವಾಗಿ ಮನೆಗಳ, ಅಂದರೆ ಕಪ್ಪು ಬಿಳಿ ಪಟ್ಟಿಗಳ ಮೇಲೆ ಓಡಾಡುತ್ತವೆ. ತುಳಿಯುವುದು ನಿಂತರೆ ಗಾಳಿ ನಿಂತಿತು, ಗಾಳಿ ನಿಂತರೆ ನಾದವೂ ನಿಂತಿತು. ಸದ್ದು ಜೋರಾಗಬೇಕಾದರೆ ಬೆರಳನ್ನು ಎಷ್ಟು ಬಡಿದರೂ ಪ್ರಯೋಜನವಿಲ್ಲ, ಕಾಲೇ ಜೋರಾಗಬೇಕು. ಇದಿಷ್ಟು ಮನಸ್ಸಿನಲ್ಲಿ ಇಟ್ಟುಕೊಂಡರೆ ಮುಂದೆ ಆ ಹುಡುಗಿಗೆ ಬಂದ ಕಷ್ಟ ಏನೆಂದು ತಿಳಿಯುತ್ತದೆ.

ಪೆಟ್ಟಿಗೆ ಬಂದದ್ದು ಬಸವಲಿಂಗಮ್ಮನ ಅಪ್ಪ ಮಹಾದೇವಯ್ಯನವರಿಂದ. ಅವರು ಗುಬ್ಬಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು. ಕಡಬದಿಂದ ಹಿಡಿದು ಸುತ್ತಲಿನ ಊರಿನ ಹುಡುಗರು ನಾಟಕ ಆಡುತ್ತೇವೆ ಅಂತ ಹೊರಟರೆ ಮೊದಲು ಇವರ ಬಾಗಿಲಿಗೆ ಬರಬೇಕಿತ್ತು. ರಾತ್ರಿಯೆಲ್ಲ ತುಳಿದು ಬೆಳಿಗ್ಗೆ ಮನೆಗೆ ಬಂದು ಜಗಲಿಯ ಮೇಲೆ ಕಾಲು ಚಾಚಿದರೆ, ಬೆಚ್ಚಗೆ ಮಾಡಿದ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕುವುದು ಮಗಳ ಕೆಲಸ. ಮೀನಖಂಡ ಮುಟ್ಟಿದರೆ ಸಾಕು, ಹಿಂದಿನ ರಾತ್ರಿ ಏನಾಯಿತೆಂದು ಅವಳಿಗೆ ತಿಳಿಯುತ್ತಿತ್ತು. ಯುದ್ಧದ ಪದಗಳು ಜಾಸ್ತಿಯಾಗಿದ್ದರೆ ಬಲಗಾಲು ಕಲ್ಲಾಗಿರುತ್ತಿತ್ತು. ‘ಕೊನೇ ಪದ ಎರಡು ಸಲ ಹಾಡಿಸಿದ್ರಾ ಅಪ್ಪ’ ಅಂದರೆ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಮಗಳಿಗೆ ಎರಡು ಕೈಯ ವಿದ್ಯೆಯನ್ನೂ ಕಲಿಸಿದರು. ಆದರೆ ಒಂದು ನಾಟಕಕ್ಕಾದರೂ ಕೂರಿಸಿ ಅಂದಾಗ ಮಾತ್ರ ಒಪ್ಪಲಿಲ್ಲ. “ಹೆಣ್ಮಕ್ಳು ನಾಕ್ ಜನದ್ ಮುಂದೆ ಕಾಲಾಡಿಸ್ಕಂಡು ಕೂತ್ರೆ ಚೆಂದ ಕಾಣಕಿಲ್ಲ. ಮನೇಲಿ ನುಡಿಸ್ಕೋ ಬುಡು” ಎಂದುಬಿಟ್ಟರು. ಕೆಟ್ಟ ಮನುಷ್ಯರೇನಲ್ಲ, ಪ್ರೀತಿಯಿಂದಲೇ ಹೇಳಿದ ಮಾತು. ಆದರೂ ಬಸವಲಿಂಗಮ್ಮನಿಗೆ ಆ ಮಾತು ಇವತ್ತಿಗೂ ಅರಗಿಲ್ಲ.

ಆಮೇಲೆ ಮದುವೆ, ಮಠದ ಶಾಲೆಯಲ್ಲಿ ವಚನ ಹೇಳಿಕೊಡುವ ಕೆಲಸ, ಗಂಡನ ಸಾವು, ನಿವೃತ್ತಿ. ಶಾಲೆಯಲ್ಲಿ ಇದ್ದಷ್ಟು ಕಾಲವೂ ನೆಲದ ಮೇಲೆ ಕೂತು ನುಡಿಸುವ ಸಣ್ಣ ಪೆಟ್ಟಿಗೆಯೇ. ಅಪ್ಪ ತೀರಿಕೊಂಡ ಮೇಲೆ ಅಣ್ಣಂದಿರು ಲೆಗ್ ಹಾರ್ಮೋನಿಯಂ ಅನ್ನು ಗುಜರಿಗೆ ಹಾಕಲು ಹೊರಟಿದ್ದಾರೆ ಎಂಬ ಸುದ್ದಿ ಬಂತು. ಈಕೆ ಲಗೇಜ್ ಆಟೋ ಮಾಡಿಕೊಂಡು ಗುಬ್ಬಿಗೆ ಹೋಗಿ, ಅಣ್ಣಂದಿರಿಗೆ ನಾಲ್ಕು ಮಾತು ಬೈದು, ಪೆಟ್ಟಿಗೆಯ ಜೊತೆ ಹಿಂದೆಯೇ ಕೂತು ತುಮಕೂರಿಗೆ ಬಂದರು. ದಾರಿಯುದ್ದಕ್ಕೂ ಪೆಟ್ಟಿಗೆಯನ್ನು ತಬ್ಬಿಕೊಂಡೇ ಇದ್ದರು ಅಂತ ಆಟೋದವನು ಬೀದಿಯಲ್ಲೆಲ್ಲ ಹೇಳಿದ. ಅಂದಿನಿಂದಲೇ ‘ಪೆಟ್ಟಿಗೆ ಅಜ್ಜಿ’ ಎಂಬ ಹೆಸರು ಅಂಟಿಕೊಂಡದ್ದು.

ಕೃತಿಕಾ ಪಕ್ಕದ ಮನೆಯ ಮೋಹನ್‌ಕುಮಾರನ ಮಗಳು. ಅವನು ಊರಾಚೆಯ ಸತ್ಯಮಂಗಲದ ಒಂದು ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಮಗಳು ನಾಲ್ಕು ವಚನ ಕಲಿಯಲಿ ಅಂತ ಒಂದನೇ ಕ್ಲಾಸಿನಲ್ಲಿದ್ದಾಗಲೇ ಕಳಿಸಿದ. ಹುಡುಗಿ ಬಾಯಿ ತೆರೆದಳು. ಬಸವಲಿಂಗಮ್ಮ ಕಿವಿ ಮುಚ್ಚಿಕೊಳ್ಳುವುದೊಂದು ಬಾಕಿ. ಶ್ರುತಿ ಒಂದು ಕಡೆ, ಮಗು ಇನ್ನೊಂದು ಕಡೆ. ಆದರೆ ಅಜ್ಜಿ ಕಾಫಿಗೆಂದು ಒಳಗೆ ಹೋಗಿದ್ದಾಗ ಇದೇ ಮಗು ಕುರ್ಚಿ ಹತ್ತಿ, ಸದ್ದೇ ಬಾರದ ಪೆಟ್ಟಿಗೆಯ ಮೇಲೆ ವಚನದ ಮನೆಗಳನ್ನೆಲ್ಲ ಸರಿಯಾಗಿ ಒತ್ತುತ್ತಾ ಕೂತಿತ್ತು. ಅಜ್ಜಿ ಬಾಗಿಲಲ್ಲೇ ನಿಂತು ನೋಡಿದರು. ಕಾಫಿ ಆರಿಹೋಯಿತು.

ಮಗುವಿನ ಕಾಲು ಹಲಗೆಗೆ ಎಟುಕುತ್ತಿರಲಿಲ್ಲ. ಬಸವಲಿಂಗಮ್ಮ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತು, ಸೀರೆ ಸ್ವಲ್ಪ ಎತ್ತಿ ಸಿಕ್ಕಿಸಿ, ಓರೆಯಾಗಿ ಕಾಲು ಚಾಚಿ ತಾವೇ ತುಳಿಯತೊಡಗಿದರು. “ಕೈ ನಿಂದು, ಕಾಲು ನಂದು. ನೀನು ಕೆಳಗೆ ನೋಡ್ಬೇಡ ಕಣೇ” ಎಂದರು. ಹೀಗೆ ಸುಮಾರು ಕಾಲ ನಡೆಯಿತು. ಹುಡುಗಿ ಎತ್ತರವಾದ ಮೇಲೆ ತಾನೇ ತುಳಿಯಲು ಕಲಿತಳು, ಅದನ್ನೂ ಚೆನ್ನಾಗಿ ಕಲಿತಳು. ಮಹಾದೇವಯ್ಯನವರ ಕಾಲೇ ಬಂದು ಕೂತಿದೆ ಅಂತ ಬಸವಲಿಂಗಮ್ಮನಿಗೆ ಒಳಗೊಳಗೇ ಹೆಮ್ಮೆ. ಬಾಯಲ್ಲಿ ಮಾತ್ರ ಬೈಗುಳವೇ.

ಪಿಯಾನೋ ವಿಷಯ ಬಂದದ್ದು ಒಂದು ಕೋಡುಬಳೆಯಿಂದ. ಕುಣಿಗಲ್ಲಿನಲ್ಲಿ ನಾದಿನಿಯ ಮನೆ ಗೃಹಪ್ರವೇಶಕ್ಕೆ ಹೋಗಿದ್ದ ಬಸವಲಿಂಗಮ್ಮ ಗಟ್ಟಿ ಕೋಡುಬಳೆ ಕಡಿದು ಹಲ್ಲು ಮುರಿದುಕೊಂಡರು. ಅಲ್ಲಿನ ಹಲ್ಲಿನ ಡಾಕ್ಟರು ಮಾಲಿನಿ, ಮನೆಯ ಮುಂದಿನ ಭಾಗವೇ ಅವರ ಕ್ಲಿನಿಕ್ಕು. ಕಾಯುವ ಕೋಣೆಯ ಮೂಲೆಯಲ್ಲಿ ಬಟ್ಟೆ ಹೊದಿಸಿದ ಒಂದು ದೊಡ್ಡ ಮರದ ಸಾಮಾನು ಇತ್ತು. ಪೆಟ್ಟಿಗೆ ಅಂದರೆ ಬಿಡುವ ಪೈಕಿಯೇ ಈಕೆ? ಬಟ್ಟೆ ಎತ್ತಿ ನೋಡಿದರು. ಯಾವುದೋ ಹಳೇ ಬಂಗಲೆಯ ಹರಾಜಿನಲ್ಲಿ ಮಾಲಿನಿ ಕೊಂಡ ಪಿಯಾನೋ. ಅರ್ಧ ಮನೆಗಳು ಕೂತುಹೋಗಿ ಮೇಲೆ ಬರುತ್ತಿರಲಿಲ್ಲ. ರಿಪೇರಿಯವನು ಬೆಂಗಳೂರಿನಿಂದ ಬರಬೇಕು, ಬರುತ್ತೇನೆ ಅನ್ನುತ್ತಲೇ ಇದ್ದ. ಮಾಲಿನಿ ಮೈಸೂರಿನಲ್ಲಿ ಓದುವಾಗ ಪಿಯಾನೋ ಕಲಿತವರು. ದವಡೆಗೆ ಹತ್ತಿ ತುರುಕಿಸಿಕೊಂಡೇ ಬಸವಲಿಂಗಮ್ಮ ಫೋನು ತೆಗೆದು ಕೃತಿಕಾ ನುಡಿಸಿದ ವಿಡಿಯೋ ತೋರಿಸಿದರು. ಮಾಲಿನಿ ಕೈಯ ಗ್ಲೌಸು ಕಳಚಿಟ್ಟು ಮತ್ತೊಮ್ಮೆ ನೋಡಿದರು.

ಆಮೇಲಿನದೆಲ್ಲ ಬೇಗ ಬೇಗ ನಡೆಯಿತು. ಮಾಲಿನಿ ತಮ್ಮ ಎಲೆಕ್ಟ್ರಿಕ್ ಕೀಬೋರ್ಡನ್ನು ಕೃತಿಕಾಗೆ ಕೊಟ್ಟರು. ಭಾನುವಾರಗಳಲ್ಲಿ ವಿಡಿಯೋ ಕಾಲ್ ಮಾಡಿ ಪಾಶ್ಚಾತ್ಯ ಸಂಗೀತದ ಬರವಣಿಗೆ ಓದಲು ಕಲಿಸಿದರು. ಬೆಂಗಳೂರಿನ ಒಂದು ಸಂಗೀತ ಸಂಘ ಚಿಕ್ಕವರಿಗೆಂದು ಪಿಯಾನೋ ಸ್ಪರ್ಧೆ ನಡೆಸುತ್ತಿತ್ತು. ಮೊದಲ ಸುತ್ತು ವಿಡಿಯೋದಲ್ಲಿ, ಕೀಬೋರ್ಡಾದರೂ ನಡೆಯುತ್ತದೆ, ಕೈ ಕಂಡರೆ ಸಾಕು. ಯುರೋಪಿನ ಹಳೇ ಕಾಲದ ಒಂದು ರಚನೆ ಆರಿಸಿದರು. ಅದರಲ್ಲಿ ಎಡಗೈ ಒಂದು ಮಾತು ಆಡಿದರೆ ಬಲಗೈ ಇನ್ನೊಂದು ಆಡುತ್ತದೆ, ಕೊನೆಗೆ ಎರಡೂ ಒಂದೇ ಮನೆಗೆ ಬಂದು ಸೇರುತ್ತವೆ. ‘ಅತ್ತೆ ಸೊಸೆ ಪದ’ ಅಂತ ಬಸವಲಿಂಗಮ್ಮ ಅದಕ್ಕೆ ಹೆಸರಿಟ್ಟರು.

ಕೃತಿಕಾ ಎರಡನೇ ಸುತ್ತಿಗೆ ಆಯ್ಕೆಯಾದಳು. ಅದು ತುಮಕೂರಿನಲ್ಲೇ, ಒಂದು ಕಾಲೇಜಿನ ಸಭಾಂಗಣದಲ್ಲಿ, ಬೆಂಗಳೂರಿನಿಂದ ಲಾರಿಯಲ್ಲಿ ಬರುವ ನಿಜವಾದ ಪಿಯಾನೋ ಮೇಲೆ. ಗೆದ್ದವರಿಗೆ ಬೆಂಗಳೂರಿನ ಕೊನೆಯ ಸುತ್ತು. ಹುಡುಗಿಯ ಮುಖದಲ್ಲಿ ಬಸವಲಿಂಗಮ್ಮ ಅಂಥ ಆಸೆಯನ್ನು ಹಿಂದೆಂದೂ ಕಂಡಿರಲಿಲ್ಲ. ಊಟ ಮಾಡುವಾಗಲೂ ಅವಳ ಬೆರಳು ತಟ್ಟೆಯ ಅಂಚಿನಲ್ಲಿ ಓಡಾಡುತ್ತಿದ್ದವು.

ಅಷ್ಟರಲ್ಲಿ ರಿಪೇರಿಯವನಿಗೂ ಕರುಣೆ ಬಂತು. ಕುಣಿಗಲ್ ಪಿಯಾನೋ ಸರಿಯಾಯಿತು. ಸ್ಪರ್ಧೆಗೆ ಇನ್ನು ಮೂರು ವಾರ ಇದ್ದಾಗ ಅಜ್ಜಿ ಹುಡುಗಿ ಇಬ್ಬರೂ ಬಸ್ಸು ಹತ್ತಿ ಹೋದರು.

ಕೃತಿಕಾ ಕೂತಳು. ಪಿಯಾನೋದ ಕೆಳಗೆ ಹಿತ್ತಾಳೆಯ ಎರಡು ಪೆಡಲು ಇದ್ದವು. ಕಾಲು ತಾವಾಗಿಯೇ ಅವುಗಳ ಮೇಲೆ ಹೋದವು. ಕೈ ಶುರುವಾದ ಕೂಡಲೇ ಕಾಲೂ ಶುರುವಾದವು: ಎಡಗಾಲು, ಬಲಗಾಲು, ಎಡಗಾಲು. ಪಿಯಾನೋದಲ್ಲಿ ಬಲಗಾಲಿನ ಪೆಡಲು ಒತ್ತಿದರೆ ನುಡಿಸಿದ ಸ್ವರ ನಿಲ್ಲದೆ ಗುಂಯ್‌ಗುಡುತ್ತಲೇ ಇರುತ್ತದೆ, ಎಡಗಾಲಿನದು ಒತ್ತಿದರೆ ಸದ್ದು ಮೆತ್ತಗಾಗುತ್ತದೆ. ಅತ್ತೆ ಸೊಸೆ ಇಬ್ಬರ ಮಾತೂ ಒಂದರ ಮೇಲೊಂದು ಬಿದ್ದು ಸಂತೆಯ ಗದ್ದಲವಾಯಿತು. ಮಾಲಿನಿ ದಿಗ್ಭ್ರಮೆಯಿಂದ ಕೆಳಗೆ ಬಗ್ಗಿ ನೋಡಿದರು.

“ಕೃತಿಕಾ, ಕಾಲು ಯಾಕೆ ಆಡಿಸ್ತಿದೀಯಮ್ಮಾ?”

“ನಾನು ಆಡಿಸ್ತಿಲ್ಲ ಆಂಟಿ” ಎಂದಳು ಕೃತಿಕಾ. ಸುಳ್ಳಲ್ಲ. ಅವಳಿಗೆ ಗೊತ್ತೇ ಇರಲಿಲ್ಲ.

ಬಸವಲಿಂಗಮ್ಮನಿಗೆ ಆ ಕ್ಷಣದಲ್ಲಿ ಎಲ್ಲ ತಿಳಿಯಿತು. ತಮ್ಮ ಮನೆಯಲ್ಲಿ ಕೀಬೋರ್ಡ್ ಇಡಲು ಸರಿಯಾದ ಎತ್ತರದ ಮೇಜು ಇರಲಿಲ್ಲ. ಅದನ್ನು ತಾವೇ ಅಪ್ಪನ ಪೆಟ್ಟಿಗೆಯ ಮುಚ್ಚಳದ ಮೇಲೆ ಇಟ್ಟುಕೊಟ್ಟಿದ್ದರು. ಇಷ್ಟು ತಿಂಗಳೂ ಹುಡುಗಿ ಮೇಲೆ ಕರೆಂಟಿನ ಕೀಬೋರ್ಡು ನುಡಿಸುತ್ತಾ ಕೆಳಗೆ ಪೆಟ್ಟಿಗೆಯ ಹಲಗೆಗಳನ್ನು ಸುಮ್ಮನೆ ತುಳಿಯುತ್ತಿದ್ದಳು. ಬಸವಲಿಂಗಮ್ಮ ಅದನ್ನು ನೋಡಿದ್ದರು, ನೋಡಿ ಖುಷಿಪಟ್ಟಿದ್ದರು. ಫೋನಿನಲ್ಲಿ ಮಾಲಿನಿಗೆ ಕಂಡದ್ದು ಕೈ ಮಾತ್ರ.

ಮಾಲಿನಿ ವೇಲಿನಿಂದ ಹುಡುಗಿಯ ಕಾಲನ್ನು ಬೆಂಚಿಗೆ ಮೆತ್ತಗೆ ಕಟ್ಟಿ ನುಡಿಸಲು ಹೇಳಿದರು. ಅದು ಇನ್ನೂ ಕೆಟ್ಟದಾಯಿತು. ಕಾಲು ನಿಂತ ಕೂಡಲೇ ಬೆರಳಿನ ಜೀವವೇ ಹೋಯಿತು. ಸದ್ದು ಅಡುಗೆಮನೆಗೂ ಕೇಳದಷ್ಟು ಸಣ್ಣಗಾಗಿ ನಡುವೆಯೇ ನಿಂತಿತು. ಜೋರಾಗಬೇಕಾದ ಕಡೆ ಅವಳ ದೇಹ ಹುಡುಕುತ್ತಿದ್ದದ್ದು ಕಾಲನ್ನು. ಹುಡುಗಿ ಕೈ ಮಡಿಲಲ್ಲಿ ಇಟ್ಟುಕೊಂಡು ಅಳತೊಡಗಿದಳು.

“ಅಮ್ಮಾ, ಬೇಜಾರು ಮಾಡ್ಕೋಬೇಡಿ” ಎಂದರು ಮಾಲಿನಿ, ಕಾಫಿ ಕೊಡುತ್ತಾ. “ಬೆರಳು ಅಷ್ಟು ಚೆನ್ನಾಗಿ ಪಳಗಿಸಿದೀರಿ. ಈ ಕಾಲಿಂದೊಂದು ಹೋದ್ರೆ ಸಾಕು. ಸ್ಪರ್ಧೆ ಮುಗಿಯೋವರೆಗೂ ಆ ಪೆಟ್ಟಿಗೆ ಹತ್ರ ಅವಳನ್ನ ಬಿಡ್ಬೇಡಿ. ರಜದಲ್ಲಿ ಇಲ್ಲೇ ಬಂದು ನುಡಿಸ್ಲಿ.”

ಬಸವಲಿಂಗಮ್ಮ ಹೂಂ ಎಂದರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತರು. ತಾನು ಪ್ರೀತಿಯಿಂದ ಕೊಟ್ಟದ್ದೇ ಮಗುವಿನ ಕಾಲಿಗೆ ತೊಡಕಾಯಿತಲ್ಲ ಎಂದುಕೊಂಡರು. ಅಪ್ಪ ಹೇಳಿದ್ದೇ ಸರಿಯಿತ್ತೇನೋ, ಹೆಣ್ಣುಮಕ್ಕಳು ಕಾಲಾಡಿಸಬಾರದಿತ್ತೇನೋ ಎಂದು ಕೂಡ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತಮ್ಮ ಮೇಲೆಯೇ ರೇಗಿತು.

ಮನೆಗೆ ಬಂದವರೇ ಕೀಬೋರ್ಡನ್ನು ಪೆಟ್ಟಿಗೆಯಿಂದ ಇಳಿಸಿ ಅಡುಗೆಮನೆಯ ಕಟ್ಟೆಗೆ ಒಯ್ದರು. ಬೆರಳಿಗೆ ಜೋರು ಬರಲೆಂದು ಹುಡುಗಿಯ ಕೈಗೆ ಮುದ್ದೆ ಕೋಲು ಕೊಟ್ಟರು.

“ತಿರುವು. ಜೋರು ಎಲ್ಲಿಂದ ಬರ್ತದೆ ನೋಡ್ಕೋ.”

“ಭುಜದಿಂದ ಅಜ್ಜಿ.”

“ಮುದ್ದೆ ಕಾಲಲ್ಲಿ ತಿರುವ್ತಾರೇನ್ಲೇ? ಇಲ್ವಲ್ಲ. ಆ ಜೋರನ್ನೇ ಬೆರಳಿಗೆ ಇಳಿಸು.”

ಇದು ಕೆಲಸ ಮಾಡಿತು. ಒಂದು ವಾರದಲ್ಲಿ ಕೈಗೆ ಭಾರ ಬಂತು, ಮೋಹನ್‌ಕುಮಾರನ ಮನೆಯವರಿಗೆ ದಿನಾ ಗಂಟಿಲ್ಲದ ಮುದ್ದೆಯೂ ಸಿಕ್ಕಿತು. ಆದರೆ ಕಾಲು ಮಾತ್ರ ನಿಲ್ಲಲಿಲ್ಲ. ಕಾಲ ಕೆಳಗೆ ಇಟ್ಟಿಗೆ ಇಟ್ಟರು, ಇಟ್ಟಿಗೆಯನ್ನೇ ತುಳಿದಳು. ಚಕ್ಕಳಮಕ್ಕಳ ಹಾಕಿ ಕೂರಿಸಿದರು, ಮೊಣಕಾಲು ಕುಣಿಯತೊಡಗಿತು. ಕುಣಿಗಲ್ಲಿಗೆ ಹೋದಾಗಲೆಲ್ಲ ಮೊದಲೆರಡು ಸಾಲು ಸರಿಯಾಗಿ ಬಂದು, ಅತ್ತೆ ಸೊಸೆ ಜೋರಾಗುವ ಜಾಗದಲ್ಲಿ ಕಾಲು ಪೆಡಲಿಗೆ ಹಾರುತ್ತಿತ್ತು.

“ಒಂದು ಸಲ ನೀವು ಕೂತು ತೋರಿಸಿ ಅಜ್ಜಿ” ಎಂದಳು ಹುಡುಗಿ ಒಂದು ದಿನ ಮಾಲಿನಿಯ ಮನೆಯಲ್ಲಿ. ಬಸವಲಿಂಗಮ್ಮ ಕೂತು ಒಂದು ವಚನ ಎತ್ತಿಕೊಂಡರು. ಅವರ ಕಾಲೂ ಎಡಗಾಲು, ಬಲಗಾಲು ಅಂತ ಶುರುವಾಯಿತು. ನಿಲ್ಲಿಸಲು ನೋಡಿದರು, ಕೈಯೇ ನಿಂತುಹೋಯಿತು. ಮಾಲಿನಿ ಬೇರೆ ಕಡೆ ನೋಡಿದರು. “ನನ್ ಕಾಲೇ ನಿಲ್ಲಾಕಿಲ್ಲ, ನಿಂದೆಲ್ಲಿ ನಿಲ್ತದೆ” ಎಂದು ಬಸವಲಿಂಗಮ್ಮ ಎದ್ದುಬಿಟ್ಟರು.

ಸ್ಪರ್ಧೆಗೆ ಇನ್ನೇನು ಎರಡು ದಿನ. ಸಂಜೆ ಕೃತಿಕಾ ಅಡುಗೆಮನೆಯ ಕಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂತು ನುಡಿಸುತ್ತಿದ್ದಳು, ಕಾಲು ಗೋಡೆಗೆ ಟಪಟಪ ಬಡಿಯುತ್ತಿತ್ತು. ಬಸವಲಿಂಗಮ್ಮನಿಗೆ ಕೇಳಲಾಗಲಿಲ್ಲ. ಕೋಪವೋ ದುಃಖವೋ, ಹೊರಗೆ ಬಂದು ಅಪ್ಪನ ಪೆಟ್ಟಿಗೆಯ ಮುಂದೆ ಕೂತು, ಒಂದು ಮನೆಯನ್ನೂ ಒತ್ತದೆ ಸುಮ್ಮನೆ ತುಳಿಯತೊಡಗಿದರು. ಹಳೇ ಪೆಟ್ಟಿಗೆ ಉಸ್ಸ್ ಬುಸ್ಸ್ ಎಂದು ಉಸಿರಾಡಿತು. ಒಳಗಿನಿಂದ ಬರುತ್ತಿದ್ದ ಟಪಟಪ ನಿಂತಿತು. ಅತ್ತೆ ಸೊಸೆ ಮಾತ್ರ ನಿಲ್ಲಲಿಲ್ಲ. ಜೋರಾಗುವ ಜಾಗ ಬಂತು, ಕೈ ಜೋರಾಯಿತು, ಪದ ಕೊನೆಯ ಮನೆ ಮುಟ್ಟಿತು.

ಬಸವಲಿಂಗಮ್ಮ ಬಾಗಿಲಿಗೆ ಬಂದು ನೋಡಿದರು. ಹುಡುಗಿಯ ಎರಡು ಪಾದವೂ ನೆಲದ ಮೇಲೆ ಸುಮ್ಮನೆ ಕೂತಿದ್ದವು.

“ನೀವು ತುಳೀತಿದ್ರಲ್ಲ ಅಜ್ಜಿ” ಎಂದಳು ಕೃತಿಕಾ. “ಅದಕ್ಕೆ ನಂಗೆ ತುಳೀಬೇಕು ಅನ್ಸ್‌ಲಿಲ್ಲ.”

ಬಸವಲಿಂಗಮ್ಮ ಪೆಟ್ಟಿಗೆಯ ಬಳಿಗೆ ವಾಪಸು ಹೋಗಿ ಕೂತರು. “ಇನ್ನೊಂದ್ ಸಲ ಎತ್ಕೋ” ಎಂದರು. ಸಂಜೆಯೆಲ್ಲ ಹಾಗೇ ಆಯಿತು. ಮರುದಿನ ಪೆಟ್ಟಿಗೆಯನ್ನೂ ಬಿಟ್ಟು, ಪಕ್ಕದಲ್ಲಿ ಬರೀ ನೆಲ ತುಳಿಯುತ್ತಾ ಕೂತು ನೋಡಿದರು. ಆಗಲೂ ನಡೆಯಿತು.

ಸ್ಪರ್ಧೆಯ ದಿನ ಸಭಾಂಗಣ ತುಂಬಿತ್ತು. ಪಿಯಾನೋ ಬಂದಿದೆ ಅಂತ ನೋಡಲು ಬಂದವರೇ ಜಾಸ್ತಿ. ಹಾಸನ, ಚಿತ್ರದುರ್ಗದ ಕಡೆಯಿಂದಲೂ ಮಕ್ಕಳು ಬಂದಿದ್ದರು, ಕೆಲವರು ಕೋಟು ಹಾಕಿದ್ದರು. ಮೋಹನ್‌ಕುಮಾರ ರಜೆ ಹಾಕಿ ಬಂದು, ತಾನೇ ನುಡಿಸಬೇಕೇನೋ ಎನ್ನುವಂತೆ ಬೆವರುತ್ತಿದ್ದ. ಬಸವಲಿಂಗಮ್ಮ ಯಾರನ್ನೂ ಕೇಳದೆ ಮೊದಲ ಸಾಲಿನ ತುದಿಯ ಕುರ್ಚಿ ಹಿಡಿದರು. ಚಪ್ಪಲಿ ಬಿಟ್ಟು ಕುರ್ಚಿಯ ಕೆಳಗೆ ತಳ್ಳಿದರು.

ಅದಕ್ಕೂ ಮೊದಲು ಪರದೆಯ ಹಿಂದೆ ಹೋಗಿ ಹುಡುಗಿಯನ್ನು ಕಂಡಿದ್ದರು. “ನನ್ನ ಕಡೆ ನೋಡ್ಬೇಡ” ಎಂದು ಹೇಳಿಯೇ ಅಜ್ಜಿ ಹೊರಗೆ ಬಂದಿದ್ದರು. “ನಾನು ತುಳೀತಾ ಇರ್ತೀನಿ. ಕೈ ನಿಂದು, ಕಾಲು ನಂದು.”

ಕೃತಿಕಾಳ ಹೆಸರು ಕರೆದರು. ಅವಳು ಬಂದು ಕೂತು, ಎರಡು ಪಾದವನ್ನೂ ಪೆಡಲಿನಿಂದ ದೂರ ಇಟ್ಟುಕೊಂಡಳು. ಕೈ ಎತ್ತಿದಳು. ಕೆಳಗೆ ಬಸವಲಿಂಗಮ್ಮನ ಬರಿಗಾಲು ಶುರುವಾಯಿತು.

ಮೊದಲು ಪಕ್ಕದ ಹೆಂಗಸು ತಿರುಗಿ ನೋಡಿದಳು. ಆಮೇಲೆ ಹಿಂದಿನ ಸಾಲಿನ ಇಬ್ಬರು ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ಬ್ಯಾಡ್ಜ್ ಹಾಕಿದ ಒಬ್ಬ ಸ್ವಯಂಸೇವಕ ಬಗ್ಗಿಕೊಂಡು ಬಂದು, ಕಾಲು ಆಡಿಸಬೇಡಿ ಎಂದು ಕೈಸನ್ನೆ ಮಾಡಿದ. ತುಂಬಿದ ಸಭೆ, ಮೊದಲ ಸಾಲು, ದೀಪದ ಬೆಳಕು, ಅದರಲ್ಲಿ ಕಾಲಾಡಿಸುತ್ತಾ ಕೂತ ವಯಸ್ಸಾದ ಹೆಂಗಸು. ಅಪ್ಪ ಬೇಡ ಎಂದದ್ದು ಇದನ್ನೇ. ನಾಚಿಕೆ ಆಯಿತೇ ಅಂದರೆ, ಆಯಿತು. ಬಸವಲಿಂಗಮ್ಮನ ಕಿವಿ ಬಿಸಿಯಾಯಿತು. ಆದರೆ ವೇದಿಕೆಯ ಮೇಲೆ ಎರಡು ಸಣ್ಣ ಕಪ್ಪು ಶೂಗಳು ಅಲುಗಾಡದೆ ನಿಂತಿದ್ದವು. ಜೋರಾಗುವ ಜಾಗ ಹತ್ತಿರ ಬರುತ್ತಿತ್ತು. ಬಲ ಮೊಣಕಾಲಿನಲ್ಲಿ ಸೆಳೆತ ಹಿಡಿಯಿತು. ಸ್ವಯಂಸೇವಕನ ಕಡೆ ನೋಡದೆ ಅವರು ಬಲಗಾಲನ್ನು ಇನ್ನೂ ಬಲವಾಗಿ ಒತ್ತಿದರು. ಮೇಲೆ ಅತ್ತೆ ಸೊಸೆ ಇಬ್ಬರೂ ದನಿ ಏರಿಸಿ, ಒಬ್ಬರ ಮಾತು ಒಬ್ಬರಿಗೆ ಸ್ಪಷ್ಟವಾಗಿ ಕೇಳುವಂತೆ ಮಾತಾಡಿ, ಕೊನೆಯ ಮನೆಗೆ ಒಟ್ಟಿಗೆ ಬಂದು ಸೇರಿದರು.

ಚಪ್ಪಾಳೆ ಬಿತ್ತು. ಬಸವಲಿಂಗಮ್ಮನಿಗೆ ಚಪ್ಪಾಳೆ ಹೊಡೆಯಲು ನೆನಪಾಗಲಿಲ್ಲ. ಕಾಲು ಇನ್ನೂ ತುಳಿಯುತ್ತಲೇ ಇತ್ತು.

ಬೆಂಗಳೂರಿಗೆ ಆರಿಸಿದವರಲ್ಲಿ ಕೃತಿಕಾಳ ಹೆಸರು ಕೊನೆಯದು. ಮೋಹನ್‌ಕುಮಾರ ಅತ್ತುಬಿಟ್ಟ, ಕಣ್ಣಿಗೆ ಧೂಳು ಬಿತ್ತು ಅಂತ ಆಮೇಲೆ ಎಲ್ಲರಿಗೂ ಹೇಳಿದ. ಮಾಲಿನಿ ಹುಡುಗಿಯನ್ನು ಪಕ್ಕಕ್ಕೆ ಕರೆದು ಮುಂದಿನ ಸುತ್ತಿನ ರಚನೆ ಯಾವುದೆಂದು ಹೇಳಿದರು.

ಸಂಜೆ ಬಸವಲಿಂಗಮ್ಮ ಮನೆಯ ಹೊರಗಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದರು. ಎದ್ದು ಒಳಗೆ ಹೋಗುವಷ್ಟು ಶಕ್ತಿ ಉಳಿದಿರಲಿಲ್ಲ. ಕೃತಿಕಾ ಶೂ ಕೂಡ ಬಿಚ್ಚದೆ ಬಂದು ನೋಡಿದಳು. ಅಡುಗೆಮನೆಗೆ ಹೋಗಿ ಕೊಬ್ಬರಿ ಎಣ್ಣೆಯನ್ನು ಬೆಚ್ಚಗೆ ಮಾಡಿ ಬಟ್ಟಲಲ್ಲಿ ತಂದಳು. ಯಾರೂ ಹೇಳಿರಲಿಲ್ಲ. ಕೆಳಗಿನ ಮೆಟ್ಟಿಲಿನಲ್ಲಿ ಕೂತು ಅಜ್ಜಿಯ ಕಾಲನ್ನು ಮಡಿಲಿಗೆ ಎಳೆದುಕೊಂಡು ತಿಕ್ಕತೊಡಗಿದಳು.

“ಬಲಗಾಲು ಜಾಸ್ತಿ ಬಿಗಿದಿದೆ ಅಜ್ಜಿ. ಆ ಜೋರಾಗೋ ಜಾಗದಲ್ಲಿ ತಾನೇ?”

ಬಸವಲಿಂಗಮ್ಮ ಕಣ್ಣು ಮುಚ್ಚಿಕೊಂಡು ಹೂಂ ಎಂದರು.

“ಬೆಂಗ್ಳೂರಲ್ಲಿ ನುಡಿಸೋದ್ರಲ್ಲಿ ಪೆಡಲ್ ಇದೆಯಂತೆ. ಬಲಗಾಲು ಹಾಕ್ಲೇಬೇಕಂತೆ, ಅದೂ ಹೇಳಿದ ಕಡೆ ಮಾತ್ರ. ಮಾಲಿನಿ ಆಂಟಿ ಹೇಳ್ಕೊಡ್ತಾರಂತೆ.” ಹುಡುಗಿ ತಿಕ್ಕುವುದನ್ನು ನಿಲ್ಲಿಸಿದಳು. “ಆಗ್ಲೂ ನೀವು ತುಳೀತೀರಾ?”

ಬಸವಲಿಂಗಮ್ಮ ಕಣ್ಣು ತೆರೆದು ಆ ಪುಟ್ಟ ಕಪ್ಪು ಶೂಗಳನ್ನು ನೋಡಿದರು.

“ಇಲ್ಲ ಕಣೇ” ಎಂದರು. “ನಾನು ಬರ್ತೀನಿ, ಮುಂದೇನೇ ಕೂತಿರ್ತೀನಿ. ಆದ್ರೆ ಆ ಕಾಲು ನಿಂದು. ನಾಕ್ ಜನದ್ ಮುಂದೆ ನೀನೇ ತುಳಿ.”

ಹುಡುಗಿ ತಲೆಯಾಡಿಸಿ, ಇನ್ನೊಂದಿಷ್ಟು ಎಣ್ಣೆ ಹಾಕಿಕೊಂಡು ಎಡಗಾಲನ್ನು ಎಳೆದುಕೊಂಡಳು.